ತಾಳೆಗರಿಯ ಅಳತೆ: ಜಾಫ್ನಾ ಸೀಮೆಯಲ್ಲಿ ಆರು ದಿನ

ನನ್ನ ಸೋದರಮಾವನ ಎಡಗಾಲು ಹೋದದ್ದು 1987ರ ಅಕ್ಟೋಬರ್‌ನಲ್ಲಿ, ಜಾಫ್ನಾದ ಉರುಂಪಿರಾಯ್ ಎಂಬ ಊರಿನ ರಸ್ತೆಬದಿಯಲ್ಲಿ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಪಡೆದು, ಭಾರತದ ಶಾಂತಿಪಾಲನಾ ಪಡೆಯ ಜೊತೆ ಲಂಕೆಗೆ ಹೋಗಿದ್ದರು. ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವುದೇ ಅವರ ಕೆಲಸವಾಗಿತ್ತು. ಹುಡುಕಿದ್ದು ಹಲವಾರು, ಕಾಣದೇ ಹೋದದ್ದು ಒಂದು.

ಈಗ ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು, ಆಲೂಗಡ್ಡೆ ಬೆಳೆದುಕೊಂಡಿದ್ದಾರೆ. ಪುಣೆಯ ಸೇನಾ ಕೃತಕ ಅಂಗ ಕೇಂದ್ರ ಇಂದಿಗೂ ಅವರ ಕಾಲನ್ನು ನೋಡಿಕೊಳ್ಳುತ್ತದೆ. ಇದುವರೆಗೆ ಒಂಬತ್ತು ಕಾಲುಗಳಾಗಿವೆ ಎಂದು ಲೆಕ್ಕ ಹೇಳುತ್ತಾರೆ. ನಾನು ಲಂಕೆಗೆ ಹೋಗುತ್ತೇನೆಂದಾಗ ಅವರು ಕೇಳಿದ್ದು ಒಂದೇ: "ಅಲ್ಲಿ ಈಗ ಯಾರು ತೆಗೆಯುತ್ತಿದ್ದಾರೆ, ಹೇಗೆ ತೆಗೆಯುತ್ತಿದ್ದಾರೆ, ನೋಡಿಕೊಂಡು ಬಾ."

ಮೊದಲ ದಿನ: ಕೊಲಂಬೊ

2025ರ ಜುಲೈ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಸಂಜೆ ಬತ್ತರಮುಲ್ಲದಲ್ಲಿರುವ ಶಾಂತಿಪಾಲನಾ ಪಡೆಯ ಸ್ಮಾರಕಕ್ಕೆ ಹೋದೆ. 1987ರಿಂದ 1990ರವರೆಗೆ ಲಂಕೆಯಲ್ಲಿ ಸತ್ತ ಭಾರತೀಯ ಯೋಧರು ಸುಮಾರು 1,200 ಮಂದಿ. ಕಲ್ಲಿನ ಮೇಲೆ ಹೆಸರುಗಳನ್ನು ಓದುತ್ತಾ ಬಂದೆ. ಗೌಡರು, ನಾಯಕರು, ಪೊನ್ನಪ್ಪ, ಶೆಟ್ಟಿ ಎಂದೆಲ್ಲ ನಮ್ಮ ಕಡೆಯ ಹೆಸರುಗಳಿಗಾಗಿ ಕಣ್ಣು ತಾನಾಗಿಯೇ ತಡಕುತ್ತದೆ. ಕಾಲು ಕಳೆದುಕೊಂಡವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ.

ಎರಡನೇ ದಿನ: ಯಾಳ್ ದೇವಿ

ಬೆಳಿಗ್ಗೆ ಕೋಟೆ ನಿಲ್ದಾಣದಿಂದ ಯಾಳ್ ದೇವಿ ರೈಲು ಹತ್ತಿದೆ. ಅನುರಾಧಪುರದವರೆಗೆ ತೆಂಗು, ಗದ್ದೆ, ಕೆರೆಗಳು. ವವುನಿಯಾ ದಾಟಿ ಓಮಂದೈ ಬಂದ ಮೇಲೆ ಕಾಡು ಕುರುಚಲಾಗುತ್ತದೆ, ಮಣ್ಣಿನ ಬಣ್ಣ ಬದಲಾಗುತ್ತದೆ, ತಾಳೆ ಮರಗಳು ಒಂದೊಂದಾಗಿ ತಲೆ ಎತ್ತುತ್ತವೆ. ಕೆಲವಕ್ಕೆ ತಲೆಯೇ ಇಲ್ಲ. ಶೆಲ್ ಬಡಿದು ಬೋಳಾದ ಕಾಂಡಗಳು ಯುದ್ಧ ಮುಗಿದ ಹದಿನಾರು ವರ್ಷಗಳ ನಂತರವೂ ಕಂಬದಂತೆ ನಿಂತಿವೆ.

ಈ ಹಳಿಗೆ ಒಂದು ಕಥೆಯಿದೆ. 1990ರಲ್ಲಿ ಉತ್ತರದ ರೈಲು ನಿಂತುಹೋಯಿತು. ಹಳಿ, ಅಡ್ಡಪಟ್ಟಿಗಳೆಲ್ಲ ಬಂಕರುಗಳ ಚಾವಣಿಗೆ ಹೋದವು. 2009ರ ಮೇ 18ರಂದು ಯುದ್ಧ ಮುಗಿದ ಮೇಲೆ ಭಾರತದ ಸಾಲದ ಹಣದಲ್ಲಿ ನಮ್ಮ ಸರ್ಕಾರಿ ರೈಲು ನಿರ್ಮಾಣ ಸಂಸ್ಥೆ ಇರ್ಕಾನ್ ಹೊಸ ಹಳಿ ಹಾಕಿತು. 2014ರ ಅಕ್ಟೋಬರ್ 13ರಂದು ಯಾಳ್ ದೇವಿ ಮತ್ತೆ ಜಾಫ್ನಾ ತಲುಪಿತು. ಆದರೆ ಹಳಿ ಹಾಕುವ ಮೊದಲು ನೆಲದೊಳಗಿನದನ್ನು ತೆಗೆಯಬೇಕಿತ್ತು. ಯುದ್ಧ ಮುಗಿದ ಬೆನ್ನಿಗೇ ಭಾರತ ಸರ್ಕಾರ ಪೂರ್ತಿ ತನ್ನ ಖರ್ಚಿನಲ್ಲಿ ಏಳು ತಂಡಗಳನ್ನು ಲಂಕೆಯ ಉತ್ತರಕ್ಕೆ ಕಳಿಸಿತ್ತು. ನಿರಾಶ್ರಿತರ ಶಿಬಿರಗಳಲ್ಲಿದ್ದ ಲಕ್ಷಾಂತರ ಜನರು ಮನೆಗೆ ಮರಳಲು ಮೊದಲು ದಾರಿ ಸುರಕ್ಷಿತವಾಗಬೇಕಿತ್ತು, ಆಮೇಲೆ ಬಾವಿಕಟ್ಟೆ, ಆಮೇಲೆ ಗದ್ದೆ.

ಎದುರಿನ ಸೀಟಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಿವೃತ್ತ ಶಾಲಾ ಮೇಷ್ಟರು. ನನ್ನ ಅರೆಬರೆ ತಮಿಳು ಕೇಳಿ ಪ್ರೀತಿಯಿಂದ ತಿದ್ದುತ್ತಾ ಬಂದರು. ನೆಲಬಾಂಬಿಗೆ ತಮಿಳಿನಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. "ಕಣ್ಣಿವೆಡಿ" ಎಂದರು. ವೆಡಿ ಎಂದರೆ ಸಿಡಿಯುವಂಥದ್ದು. ಕಣ್ಣಿ ನಮ್ಮದೂ ಹೌದು: ದನ ಕಟ್ಟುವ ಹಗ್ಗ, ಹಕ್ಕಿಗೆ ಒಡ್ಡುವ ಕುಣಿಕೆ. ಇಂಗ್ಲಿಷಿನ ಹೆಸರಿನಲ್ಲಿ ಗಣಿಯ ನೆನಪಿದೆ, ತಮಿಳಿನದರಲ್ಲಿ ಬೇಟೆಯ ನೆನಪು. ಕುಣಿಕೆ ಒಡ್ಡಿದವನು ಹೊರಟುಹೋಗಿದ್ದರೂ ಕುಣಿಕೆ ಕಾಯುತ್ತಲೇ ಇರುತ್ತದಲ್ಲ, ಈ ಪದವೇ ಹೆಚ್ಚು ಸರಿ ಎನಿಸಿತು.

ಆನೆಯಿರವು ದಾಟುವಾಗ ಎರಡೂ ಕಡೆ ಉಪ್ಪುನೀರು, ಬೀಸುಗಾಳಿ. ಮಧ್ಯಾಹ್ನದ ಹೊತ್ತಿಗೆ ಜಾಫ್ನಾ.

ಮೂರನೇ ದಿನ: ಉರುಂಪಿರಾಯ್

ಆಟೊ ಹಿಡಿದು ಉರುಂಪಿರಾಯ್‌ಗೆ ಹೋದೆ. ಕೆಂಪು ಮಣ್ಣು, ಬಾಳೆ ತೋಟ, ಈರುಳ್ಳಿ ಪಾತಿಗಳು. ಬೇಲಿಗೆ ತಾಳೆಗರಿ ಹೆಣೆದಿದ್ದಾರೆ. ಮಾವ ಹೇಳಿದ್ದ ಕವಲುದಾರಿಗಾಗಿ ಒಂದು ಗಂಟೆ ಸುತ್ತಿದೆ. ಅವರ ನೆನಪಿನಲ್ಲಿದ್ದದ್ದು ಬಿರುಕುಬಿಟ್ಟ ಗೋಡೆಗಳ ಊರು. ಈಗ ಅಲ್ಲಿ ಅಂಗಡಿಗಳು, ಟ್ಯೂಷನ್ ತರಗತಿಯ ಫಲಕಗಳು, ಸೈಕಲ್ ಮೇಲೆ ಎರಡು ಜಡೆ ಹಾಕಿದ ಹುಡುಗಿಯರು. ಒಂದು ಫೋಟೊ ತೆಗೆದು ಮಾವನಿಗೆ ಕಳಿಸಿದೆ. "ಇದೇ ಇರಬಹುದು" ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿನ ನಂತರ ಇನ್ನೊಂದು: "ಬಾಳೆ ಚೆನ್ನಾಗಿದೆ."

ಸಂಜೆ ಜಾಫ್ನಾ ಗ್ರಂಥಾಲಯದ ಮುಂದೆ ಕುಳಿತಿದ್ದೆ. 1981ರಲ್ಲಿ ಸುಟ್ಟುಹಾಕಿದ್ದ ಕಟ್ಟಡ ಮತ್ತೆ ಎದ್ದು ಬೆಳ್ಳಗೆ ನಿಂತಿದೆ. ಮೊಬೈಲ್‌ನಲ್ಲಿ ಆ ಜುಲೈನ ಸುದ್ದಿ ಓದಿದೆ. ನೆಲಬಾಂಬ್ ನಿಷೇಧದ ಒಟ್ಟಾವಾ ಒಪ್ಪಂದದಿಂದ ಹೊರಹೋಗುವುದಾಗಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಜೂನ್ ಕೊನೆಯಲ್ಲಿ ಪತ್ರ ಕೊಟ್ಟಾಗಿತ್ತು, ಫಿನ್ಲೆಂಡ್ ಜುಲೈನಲ್ಲಿ ಅದೇ ದಾರಿ ಹಿಡಿಯಿತು. ರಷ್ಯಾದ ಭಯ ಅವರದು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಉರುಂಪಿರಾಯ್‌ನಿಂದ ಬಂದ ಸಂಜೆ ಅದನ್ನು ಓದಿದಾಗ ಎದೆ ಭಾರವಾಯಿತು. ಲಂಕೆ ಈ ಒಪ್ಪಂದಕ್ಕೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಸೇರಿದವರು ಒಪ್ಪಂದ ತಮಗೆ ಜಾರಿಯಾದ ಹತ್ತು ವರ್ಷದೊಳಗೆ ತಮ್ಮ ನೆಲವನ್ನು ಶುಚಿ ಮಾಡಬೇಕು, ಅದರಂತೆ ಲಂಕೆಯ ಗಡುವು 2028ರ ಜೂನ್ 1. ನಮ್ಮ ಭಾರತ ಇನ್ನೂ ಸಹಿ ಹಾಕಿಲ್ಲ. ಪರರ ನೆಲದ ಬಾಂಬು ತೆಗೆಯಲು ಹಣ ಕೊಟ್ಟ ದೇಶ, ತನ್ನ ಉಗ್ರಾಣದಲ್ಲಿ ಅದೇ ವಸ್ತುವನ್ನು ಇಟ್ಟುಕೊಂಡಿದೆ. ಗಡಿಯ ಕಾರಣ ಹೇಳುತ್ತಾರೆ. ನನ್ನ ಮಾವನೂ ಸೈನಿಕರೇ. ಅವರ ಮಾತು ಬೇರೆ: "ಹೂಳುವವನಿಗೆ ಒಂದು ನಿಮಿಷದ ಕೆಲಸ. ಅದನ್ನು ಬೇಡವೆನ್ನುವುದಕ್ಕೆ ಇಷ್ಟು ಸಾಕು."

ನಾಲ್ಕನೇ ದಿನ: ಮುಹಮಾಲೆ

ಪರಿಚಿತರೊಬ್ಬರ ಮೂಲಕ ಮೊದಲೇ ಅನುಮತಿ ಪಡೆದಿದ್ದೆ. ಬೆಳಿಗ್ಗೆ ಐದಕ್ಕೇ ಹೊರಟೆವು. ಎ9 ಹೆದ್ದಾರಿಯಲ್ಲಿ ಪಳೈ ಹತ್ತಿರ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಜಾಫ್ನಾ ಪರ್ಯಾಯ ದ್ವೀಪದ ಕುತ್ತಿಗೆಯಂತಿರುವ ಜಾಗ ಮುಹಮಾಲೆ. ಲಂಕೆಯ ಸೇನೆ ಮತ್ತು ತಮಿಳು ಬಂಡುಕೋರರ ಎಲ್‌ಟಿಟಿಇ ವರ್ಷಗಟ್ಟಲೆ ಎದುರುಬದುರು ಕುಳಿತದ್ದು ಇಲ್ಲಿಯೇ. ಇಬ್ಬರೂ ತಮ್ಮ ತಮ್ಮ ಮುಂದೆ ಬಾಂಬು ಬಿತ್ತಿದರು, ಸಾಲು ಸಾಲಾಗಿ, ಸಾಲಿನ ಮೇಲೆ ಸಾಲು. ಲೋಕದಲ್ಲಿಯೇ ದಟ್ಟವಾದ ಬಾಂಬು ಹೊಲಗಳಲ್ಲಿ ಇದೂ ಒಂದೆನ್ನುತ್ತಾರೆ. ಬ್ರಿಟನ್ನಿನ ಹೇಲೋ ಟ್ರಸ್ಟ್ 2002ರಿಂದ ಲಂಕೆಯಲ್ಲಿದೆ. ಅದರ ಜೊತೆಗೆ ಮ್ಯಾಗ್, ಲಂಕೆಯವರೇ ಕಟ್ಟಿದ ಡ್ಯಾಶ್ ಮತ್ತು ಶಾರ್ಪ್ ಎಂಬ ಸಂಸ್ಥೆಗಳು ಉತ್ತರದಲ್ಲಿ ಬಾಂಬು ತೆಗೆಯುವ ಕೆಲಸ ಮಾಡುತ್ತಿವೆ.

ತಗಡಿನ ಚಪ್ಪರದ ಕೆಳಗೆ ಮೊದಲು ಪಾಠ. ಗೋಡೆಯ ನಕ್ಷೆಯಲ್ಲಿ ಹಸಿರು ಬಣ್ಣದ್ದು ಮುಗಿದ ಜಾಗ, ಕೆಂಪು ಇನ್ನೂ ಉಳಿದದ್ದು. ನನ್ನ ರಕ್ತದ ಗುಂಪು ಬರೆದುಕೊಂಡರು. ಆಂಬುಲೆನ್ಸ್ ರಸ್ತೆಯ ಕಡೆಗೆ ಮುಖ ಮಾಡಿ ನಿಂತಿತ್ತು. ಹಿಂದೆ ಮುಂದೆ ತಿರುಗಿಸಲು ಅರ್ಧ ನಿಮಿಷವೂ ವ್ಯರ್ಥವಾಗಬಾರದಲ್ಲ. ಎದೆಗೆ ದಪ್ಪ ಕವಚ, ಮುಖಕ್ಕೆ ಪಾರದರ್ಶಕ ಗುರಾಣಿ. ಎರಡೇ ನಿಮಿಷದಲ್ಲಿ ಬೆವರು ಕಣ್ಣಿಗಿಳಿಯಿತು. ಅವರು ದಿನವಿಡೀ ಅದನ್ನು ತೊಟ್ಟೇ ಕೆಲಸ ಮಾಡುತ್ತಾರೆ.

ಮೇಜಿನ ಮೇಲೆ ನಿರ್ಜೀವಗೊಳಿಸಿದ ಮಾದರಿಗಳಿದ್ದವು. ಪಾಕಿಸ್ತಾನದಲ್ಲಿ ತಯಾರಾದ ಪಿ4 ಎಂಬುದನ್ನು ಕೈಗೆ ಕೊಟ್ಟರು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ. ನಮ್ಮ ಮನೆಯ ಕುಂಕುಮದ ಭರಣಿ ಇದಕ್ಕಿಂತ ಭಾರ. ಇದರದೇ ನಕಲನ್ನು ಎಲ್‌ಟಿಟಿಇ ತಾನೇ ತಯಾರಿಸಿ 'ರಂಗನ್ 99' ಎಂದು ಹೆಸರಿಟ್ಟಿತ್ತು. ಅವರ 'ಜಾನಿ 95' ಮರದ ಪೆಟ್ಟಿಗೆ. ಕಂಪಾಸು ಪೆಟ್ಟಿಗೆ ಎಂದುಕೊಂಡು ಮಕ್ಕಳು ಎತ್ತಿಕೊಂಡಾರು ಎಂದು ಯಾರಿಗಾದರೂ ಅನಿಸುತ್ತದೆ. ಇಂಥವುಗಳಲ್ಲಿ ಲೋಹ ಬಹಳ ಕಡಿಮೆ, ಯಂತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ.

ಹೊಲದೊಳಗೆ ಕೆಂಪು ಕಡ್ಡಿಗಳ ನಡುವೆ ಒಂದು ಮೀಟರ್ ಅಗಲದ ಓಣಿಗಳು. ಇಪ್ಪತ್ತೈದು ಹೆಜ್ಜೆ ದೂರದಿಂದ ಒಬ್ಬ ಹೆಂಗಸಿನ ಕೆಲಸ ನೋಡಿದೆ. ಅವರ ಆಯುಧ ಕಳೆ ಗುಡಿಸುವ ಕುಂಟೆಯಂಥ ಉದ್ದ ಹಿಡಿಯ ಹಲ್ಲುಕೋಲು. ಮಣ್ಣು ಮರಳು ಮರಳಾಗಿರುವುದರಿಂದ ಇಲ್ಲಿ ಇದು ನಡೆಯುತ್ತದೆ. ಕೋಲನ್ನು ಮುಂದಕ್ಕೆ ಇಟ್ಟು, ಭಾರ ಹಾಕದೆ, ಮಣ್ಣನ್ನು ತನ್ನ ಕಡೆಗೆ ತೆಳುವಾಗಿ ಎಳೆಯುತ್ತಾರೆ. ಎಳೆದ ಮೇಲೆ ನೋಡುತ್ತಾರೆ. ಮತ್ತೆ ಎಳೆಯುತ್ತಾರೆ. ನಮ್ಮ ಅಡುಗೆಮನೆಯಷ್ಟು ನೆಲ ಮುಗಿದರೆ ಆ ದಿನ ಚೆನ್ನಾಗಿ ನಡೆಯಿತೆಂದೇ ಅರ್ಥ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಅನೇಕ ಹೆಂಗಸರು ಈ ತಂಡಗಳಲ್ಲಿದ್ದಾರೆ. ಸೀಟಿ ಊದಿ ವಿರಾಮ ಕೊಟ್ಟಾಗ ಅವರು ಗುರಾಣಿ ಎತ್ತಿ ನೀರು ಕುಡಿದರು. "ಭಯವಾಗುವುದಿಲ್ಲವೇ ಅಕ್ಕಾ?" ಎಂದೆ. "ಮೊದಲ ತಿಂಗಳು ಆಗುತ್ತಿತ್ತು. ಈಗ ವರ್ಷದ ಕೊನೆ ಬಂದಾಗ ಆಗುತ್ತದೆ" ಎಂದರು.

ಆ ಮಾತು ನನಗೆ ತಕ್ಷಣ ಅರ್ಥವಾಗಲಿಲ್ಲ. ಮೇಲ್ವಿಚಾರಕರು ಬಿಡಿಸಿ ಹೇಳಿದರು. ಹೊಲದ ಹೊರಗೆ ಒಂದು ಫಲಕವಿತ್ತು, ಅದರ ಮೇಲೆ ಜಪಾನಿನ ಧ್ವಜ. ಈ ತಂಡದ ಸಂಬಳ, ಕವಚ, ವಾಹನದ ಡೀಸೆಲ್ ಎಲ್ಲವೂ ಜಪಾನಿನ ರಾಯಭಾರ ಕಚೇರಿಯ ಅನುದಾನದಿಂದ. ಅನುದಾನ ಒಂದು ವರ್ಷದ್ದು. ವರ್ಷ ಮುಗಿಯುವ ಮುಂಚೆ ಹೊಸ ಅರ್ಜಿ, ಹೊಸ ಒಪ್ಪಂದ. ಪತ್ರ ಬರುವುದು ತಡವಾದರೆ ಮನೆಯಲ್ಲಿ ಅಕ್ಕಿ ತರುವ ಕೈ ಕಾಯುತ್ತಾ ಕೂರಬೇಕು.

ಜಪಾನಿನ ಬಗ್ಗೆ ಇಲ್ಲಿ ಎಲ್ಲರೂ ಗೌರವದಿಂದ ಮಾತಾಡುತ್ತಾರೆ, ಅದಕ್ಕೆ ಕಾರಣವೂ ಇದೆ. 1997ರಲ್ಲಿ ಅಲ್ಲಿ ವಿದೇಶಾಂಗ ಸಚಿವರಾಗಿದ್ದವರು ಕೀಜೊ ಒಬುಚಿ. ಒಟ್ಟಾವಾ ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರದೊಳಗೇ ಹಿಂಜರಿಕೆಯಿತ್ತು. ರಕ್ಷಣೆಗೆ ಅಮೆರಿಕವನ್ನು ನೆಚ್ಚಿಕೊಂಡ ದೇಶ, ಆ ಅಮೆರಿಕವೇ ಒಪ್ಪಂದದಿಂದ ದೂರ ನಿಂತಿತ್ತು. ಪರದೇಶದಲ್ಲಿ ಬಾಂಬು ತೆಗೆಯಲು ಹಣ ಕೊಡುತ್ತಾ, ನಾವು ಮಾತ್ರ ಅದನ್ನು ಇಟ್ಟುಕೊಳ್ಳುವುದು ಹೇಗೆ ಸರಿ ಎಂಬುದು ಒಬುಚಿಯವರ ವಾದ. ಆ ವಾದವೇ ಗೆದ್ದಿತು, ಜಪಾನ್ ಸಹಿ ಹಾಕಿತು. ಐದು ವರ್ಷಗಳಲ್ಲಿ 1,000 ಕೋಟಿ ಯೆನ್ ಕೊಡುವುದಾಗಿ ಹೇಳಿತು. ತನ್ನ ಬಳಿಯಿದ್ದ ಸುಮಾರು ಹತ್ತು ಲಕ್ಷ ಬಾಂಬುಗಳನ್ನು 2003ರ ಫೆಬ್ರವರಿ ವೇಳೆಗೆ ನಾಶಮಾಡಿ ಮುಗಿಸಿತು. ಲಂಕೆಗೆ ಅದರ ನೆರವು ಶುರುವಾದದ್ದೂ ಅದೇ ಕಾಲದಲ್ಲಿ, ಇಂದಿಗೂ ನಿಂತಿಲ್ಲ. ಒಬುಚಿಯವರ ಆ ಪ್ರಶ್ನೆಯನ್ನು ದೆಹಲಿಯಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಲಿ ಎಂಬುದು ನನ್ನ ಆಸೆ.

ಹಣದ ನಲ್ಲಿ ದೂರದ ದೇಶದಲ್ಲಿರುವುದರ ಅಪಾಯ 2025ರಲ್ಲೇ ಎಲ್ಲರಿಗೂ ಕಂಡಿತು. ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತೊಂಬತ್ತು ದಿನ ತಡೆಹಿಡಿಯಿತು. ಲೋಕದಲ್ಲಿ ಈ ಕೆಲಸಕ್ಕೆ ಅತಿ ಹೆಚ್ಚು ಹಣ ಕೊಡುತ್ತಿದ್ದದ್ದು ಅದೇ ದೇಶ. ಕೆಲಸ ನಿಲ್ಲಿಸಿ ಎಂಬ ಆದೇಶ ಬಾಂಬು ತೆಗೆಯುವ ಸಂಸ್ಥೆಗಳಿಗೂ ಬಂತು. ಹೊಲದ ನಡುವೆ, ಓಣಿಯ ನಡುವೆ, ಅರ್ಧ ಎಳೆದ ಮಣ್ಣಿನ ಮುಂದೆ ಕೋಲು ಕೆಳಗಿಡಿ ಎಂದರೆ ಏನಾಗುತ್ತದೆಂದು ಆ ಕಾಗದ ಬರೆದವರು ಒಮ್ಮೆ ಇಲ್ಲಿ ಬಂದು ನೋಡಬೇಕಿತ್ತು.

ಹಿಂದಿರುಗುವಾಗ ಹಸಿರು ಬಣ್ಣ ಬಳಿದ ಕಡೆಯ ಜಾಗದಲ್ಲಿ ನಿಂತೆವು. ತೆಂಗಿನ ಸಸಿಗಳು ನೆಟ್ಟು ವರ್ಷವಾಗಿರಬಹುದು. ಒಂದು ಬಾವಿ, ಬಾವಿಯ ಪಕ್ಕ ಒಗೆದು ಹರವಿದ ಶಾಲೆಯ ಸಮವಸ್ತ್ರ.

ಐದನೇ ದಿನ: ಕಾಲಿನ ಕಾರ್ಖಾನೆ

ಜಾಫ್ನಾದಲ್ಲಿ ಕೃತಕ ಕಾಲು ಮಾಡುವ ಒಂದು ಕೇಂದ್ರಕ್ಕೆ ಹೋದೆ. ಬಾಗಿಲಲ್ಲೇ ಪ್ಲಾಸ್ಟರಿನ ಹಸಿ ವಾಸನೆ, ಒಳಗೆ ಕಾಯಿಸಿದ ಪ್ಲಾಸ್ಟಿಕ್ಕಿನ ವಾಸನೆ. ಮೊಂಡುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನೊಳಗೆ ಸುಣ್ಣದಂಥ ಪ್ಲಾಸ್ಟರ್ ಹೊಯ್ದರೆ ಕಾಲಿನ ಪ್ರತಿಮೆ ಸಿಗುತ್ತದೆ. ಮೂಳೆ ಒತ್ತುವ ಕಡೆ ಅರ್ಧ ಬೆರಳು ಹೆಚ್ಚು, ಭಾರ ಹೊರುವ ಕಡೆ ಸ್ವಲ್ಪ ಕಡಿಮೆ ಎಂದು ಅದನ್ನು ಉಜ್ಜಿ ಸರಿಮಾಡುವುದರಲ್ಲಿಯೇ ಕುಶಲತೆಯಿದೆ. ಆಮೇಲೆ ಬಿಸಿ ಮಾಡಿದ ಪೈಪನ್ನು ಅದರ ಮೇಲೆ ಎಳೆದು ಕೂರಿಸುತ್ತಾರೆ. ತುದಿಗೆ ರಬ್ಬರಿನ ಪಾದ.

ಆ ಪಾದ ನಮ್ಮದೇ, ಜೈಪುರದ್ದು. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ. ಕೆ. ಸೇಠಿ ಸೇರಿ ರೂಪಿಸಿದ್ದು. ಇದನ್ನು ಹಾಕಿಕೊಂಡು ಚಕ್ಕಳಮಕ್ಕಳ ಹಾಕಿ ಕೂರಬಹುದು, ಚಪ್ಪಲಿಯಿಲ್ಲದೆ ಗದ್ದೆಗಿಳಿಯಬಹುದು, ದೇವಸ್ಥಾನದೊಳಗೂ ಹೋಗಬಹುದು. ಯುದ್ಧ ಮುಗಿದ ಮರುವರ್ಷ, 2010ರಲ್ಲಿ, ವವುನಿಯಾದ ಮಾಣಿಕ್ ಫಾರ್ಮ್ ಶಿಬಿರದಲ್ಲಿ ಭಾರತ ಸರ್ಕಾರದ ಖರ್ಚಿನಲ್ಲಿ ಜೈಪುರದವರು ಬಂದು ಸಾವಿರಕ್ಕೂ ಮಿಕ್ಕಿ ಜನರಿಗೆ ಕಾಲು ಜೋಡಿಸಿ ಹೋದರು.

ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಹೆಂಗಸು ಆ ಶಿಬಿರದಲ್ಲಿಯೇ ತನ್ನ ಮೊದಲ ಕಾಲು ಪಡೆದವರು. ವಿಶ್ವಮಡು ಕಡೆಯವರು, ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದರು. ಈಗಿನದು ಮೂರನೆಯದು. ಹದಿನೈದು ವರ್ಷಗಳಲ್ಲಿ ಮೂರು. ಎರಡನೆಯದು ಯಾವುದೋ ವಿದೇಶದ ಯೋಜನೆಯಲ್ಲಿ ಸಿಕ್ಕಿತ್ತು, ಯೋಜನೆ ಮುಗಿಯಿತು. ಆ ಕಾಲು ಸೀಳಿದ ಮೇಲೂ ಸೈಕಲ್ ಟ್ಯೂಬ್ ಕಟ್ಟಿಕೊಂಡು ಎರಡು ವರ್ಷ ನಡೆದರಂತೆ. ನನಗೆ ಮಾವನ ಒಂಬತ್ತು ಕಾಲುಗಳು ನೆನಪಾದವು. ಮಾವನ ಹಿಂದೆ ಒಂದು ದೇಶವಿದೆ, ಅವರು ಬದುಕಿರುವವರೆಗೆ ಪುಣೆಯ ಬಾಗಿಲು ತೆರೆದಿರುತ್ತದೆ. ಸೌದೆ ತರಲು ಹೋಗಿ ಕಾಲು ಕಳೆದುಕೊಂಡವರಿಗೆ ಅಂಥ ಬಾಗಿಲು ಯಾವುದು?

ಇಲ್ಲಿಯೇ ದಾನಿಗಳ ಲೆಕ್ಕ ನನಗೆ ನೋಯುವುದು. ಒಟ್ಟಾವಾ ಒಪ್ಪಂದದ 6ನೇ ವಿಧಿ ಬಾಂಬು ತೆಗೆಯಲು ಮಾತ್ರವಲ್ಲ, ಗಾಯಗೊಂಡವರ ಆರೈಕೆಗೂ ಶಕ್ತ ದೇಶಗಳು ನೆರವಾಗಬೇಕು ಎನ್ನುತ್ತದೆ. ಆದರೆ ಬಹುತೇಕ ವರ್ಷಗಳಲ್ಲಿ ಒಟ್ಟು ಅಂತರರಾಷ್ಟ್ರೀಯ ಹಣದಲ್ಲಿ ಗಾಯಾಳುಗಳಿಗೆಂದು ಹೋಗಿದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ತೆಗೆದ ಬಾಂಬನ್ನು ಎಣಿಸಬಹುದು, ಶುಚಿಯಾದ ನೆಲವನ್ನು ಚದರ ಮೀಟರಿನಲ್ಲಿ ಅಳೆಯಬಹುದು, ಒಂದು ದಿನ ಮುಗಿಯಿತು ಎಂದು ಫಲಕ ಹಾಕಬಹುದು. ಕಾಲು ಹಾಗಲ್ಲ. ದೊಡ್ಡವರಿಗೆ ಮೂರ್ನಾಲ್ಕು ವರ್ಷಕ್ಕೊಂದು ಬೇಕು, ಬೆಳೆಯುವ ಮಗುವಿಗೆ ವರ್ಷಕ್ಕೊಂದು. ನಡುವೆ ಪಟ್ಟಿ ಸವೆಯುತ್ತದೆ, ಕಾಲ್ಚೀಲ ಹರಿಯುತ್ತದೆ, ತೂಕ ಇಳಿದರೆ ಮೊಂಡುಗಾಲು ಕೂರುವ ಬುರುಡೆ ಸಡಿಲವಾಗುತ್ತದೆ. ಒಂದು ವರ್ಷದ ಅನುದಾನದಿಂದ ಐವತ್ತು ವರ್ಷದ ನಡಿಗೆಯನ್ನು ನಡೆಸಲಾಗದು. ಜಪಾನಾಗಲಿ, ನಾರ್ವೆಯಾಗಲಿ, ಭಾರತವಾಗಲಿ, ಕೊಡುವವರು ಇಲ್ಲಿಯ ಆಸ್ಪತ್ರೆಗಳೊಳಗೆ ಶಾಶ್ವತವಾದ ಒಂದು ಕೋಣೆ ಕಟ್ಟಿಸಿ, ಊರಿನ ಹುಡುಗ ಹುಡುಗಿಯರಿಗೆ ಈ ಕಸುಬು ಕಲಿಸಿ ಹೋಗಬೇಕು. ಲಂಕೆಯ ಸರ್ಕಾರ ಆ ಸಂಬಳವನ್ನು ತನ್ನ ಬಜೆಟ್ಟಿಗೆ ಸೇರಿಸಿಕೊಳ್ಳಬೇಕು. ಶಿಬಿರಗಳು ಬೇಡವೆಂದಲ್ಲ. ಮೊದಲ ಕಾಲು ಸಿಕ್ಕಿದ ದಿನ ತಾನು ಬಾವಿಯವರೆಗೆ ಹೋಗಿ ಬಂದು ಅತ್ತೆನೆಂದು ಆ ಅಕ್ಕ ಹೇಳಿದಾಗ ಅವರ ಮುಖ ನೋಡಿದ್ದೇನೆ.

ಹೊರಡುವಾಗ ಅವರು ಕರೆದರು: "ತಂಬಿ, ನಾಳೆ ಮುಲ್ಲೈತೀವು ಕಡೆ ಬರುತ್ತೀಯಲ್ಲ, ನಮ್ಮ ಮನೆಯಲ್ಲಿ ಊಟ ಮಾಡಿ ಹೋಗು."

ಆರನೇ ದಿನ: ವಿಶ್ವಮಡು

ಭಾರತದ ನೆರವಿನಿಂದ ಕಟ್ಟಿದ ಎರಡು ಕೋಣೆಗಳ ಮನೆ, ಮುಂದೆ ತಾಳೆಗರಿಯ ಚಪ್ಪರ. ಅಕ್ಕ ಗರಿ ಸೀಳಿ ಬುಟ್ಟಿ, ಮೊರ, ಚಾಪೆ ಹೆಣೆದು ಮಾರುತ್ತಾರೆ. ಕೆಂಪಕ್ಕಿ ಅನ್ನ, ನುಗ್ಗೆಕಾಯಿ ಹುಳಿ, ತೆಂಗಿನಕಾಯಿ ಸಂಬೋಲ್ ಬಡಿಸಿದರು. ಊಟವಾದ ಮೇಲೆ ಕಾಲು ಬಿಚ್ಚಿ ಪಕ್ಕಕ್ಕಿಟ್ಟು ಹೆಣೆಯಲು ಕುಳಿತರು. ಮೊಂಡಿಗೆ ಹಾಕುವ ಕಾಲ್ಚೀಲ ನೋಡಿದೆ. ಹರಿದು ಹೊಲಿದು, ಮತ್ತೆ ಹರಿದು, ಹೊಲಿಗೆಯ ಗಂಟೇ ಚರ್ಮಕ್ಕೆ ಒತ್ತಿ ಕೆಂಪಾಗಿತ್ತು. "ಕಾಲು ಸಿಗುತ್ತದೆ ತಂಬಿ, ಇದು ಸಿಗುವುದಿಲ್ಲ" ಎಂದರು.

ಅಂಗಳದಿಂದಲೇ ಮಾವನಿಗೆ ಫೋನ್ ಮಾಡಿದೆ. ಮುಹಮಾಲೆಯ ಹಲ್ಲುಕೋಲಿನ ಬಗ್ಗೆ ಹೇಳಿದೆ, ಅವರು ಸುಮ್ಮನೆ ಕೇಳಿಸಿಕೊಂಡರು. ಅಕ್ಕನ ಚೀಲದ ವಿಷಯ ಹೇಳಿದ ಕೂಡಲೇ ದನಿ ಬದಲಾಯಿತು. "ಮಂಡಿಯ ಕೆಳಗೋ ಮೇಲೋ? ಕೆಳಗೆ ಅಲ್ಲವೇ? ಗಂಟು ಯಾವ ಕಡೆ ಒತ್ತುತ್ತಿದೆ? ಅಳತೆ ತೆಗೆದುಕೊಂಡು ಬಾ. ಉದ್ದವೂ ಬೇಕು, ಸುತ್ತಳತೆಯೂ ಬೇಕು. ಪುಣೆಯವರು ಕೊಟ್ಟ ಹೊಸವು ನನ್ನ ಟ್ರಂಕಿನಲ್ಲಿ ಬಿದ್ದಿವೆ."

ಅಳೆಯಲು ಟೇಪು ಇರಲಿಲ್ಲ. ಅಕ್ಕ ಕೈಯಲ್ಲಿದ್ದ ಗರಿಯ ಸೀಳನ್ನೇ ಮೊಂಡಿಗೆ ಸುತ್ತಿ, ಉಗುರಿನಿಂದ ಗುರುತು ಮಾಡಿ ಕತ್ತರಿಸಿದರು. ಇನ್ನೊಂದನ್ನು ಮಂಡಿಯಿಂದ ತುದಿಯವರೆಗೆ ಹಿಡಿದು ಕತ್ತರಿಸಿದರು. ಎರಡನ್ನೂ ಸುರುಳಿ ಸುತ್ತಿ ನೂಲು ಕಟ್ಟಿ ಕೊಟ್ಟರು. ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡು ಬಂದೆ.

ಮುಂದಿನ ಭಾನುವಾರ ಊರಿನ ಜಗುಲಿಯಲ್ಲಿ ಮಾವ ಪಂಚೆ ಮೇಲೆತ್ತಿ, ತಮ್ಮ ಒಂಬತ್ತನೆಯ ಕಾಲನ್ನು ಬಿಚ್ಚಿಟ್ಟು, ಆ ಸುರುಳಿಯನ್ನು ಬಿಡಿಸಿ ತಮ್ಮ ಮೊಂಡಿಗೆ ಸುತ್ತಿ ನೋಡಿದರು. ಎರಡು ಬೆರಳು ಸಾಲದೇ ಹೋಯಿತು. "ಸಣಕಲು ಜೀವ" ಎಂದರು. ಟ್ರಂಕಿನಿಂದ ಚಿಕ್ಕ ಅಳತೆಯ ಆರು ಚೀಲ ಹುಡುಕಿ, ಒಂದೊಂದನ್ನೂ ಮಗುಚಿ ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಒಂದರಲ್ಲಿ ಏನೋ ತಡೆದಂತಾಗಿ ಪಕ್ಕಕ್ಕಿಟ್ಟು, ಐದನ್ನು ನನ್ನ ಕೈಗೆ ಕೊಟ್ಟರು.